ಮಾವ ಹೊಲಿದ ದೋಣಿ, ನಾನು ಬರೆದ ಸಾಲು

ದೋಹಾದ ಕಡಲ ದಂಡೆಯಲ್ಲಿ ಒಂದು ದೋಣಿ ಮ್ಯೂಸಿಯಂ ಇದೆ. ಅದರ ಎರಡನೆಯ ಹಾಲಿನ ಗೋಡೆಯ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ಒಂದು ಸಾಲು ಬರೆದಿದೆ. ಮೇಲೆ ಅರಬಿಯಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ: ‘ನನ್ನ ನಂತರ ಈ ಕೆಲಸ ಬಲ್ಲವರು ಯಾರೂ ಇಲ್ಲ.’ ಹೇಳಿದವರ ಹೆಸರಿಲ್ಲ. ಭಾರತದ ಪಶ್ಚಿಮ ಕರಾವಳಿಯ ಒಬ್ಬ ದೋಣಿ ಕೆಲಸಗಾರ ಎಂದಷ್ಟೇ ಇದೆ. ಬಂದವರು ಅದರೆದುರು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಕೆಲಸಗಾರ ನನ್ನ ಸೋದರಮಾವ. ಅವರು ಆ ಮಾತನ್ನು ಆಡಿಯೇ ಇಲ್ಲ. ಬರೆದವನು ನಾನು.

ಇದನ್ನು ಯಾರಿಗಾದರೂ ಹೇಳಲೇಬೇಕೇ ಎಂದು ಬಹಳ ದಿನ ಹಿಂದೆ ಮುಂದೆ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನನ್ನು ಯಾರೂ ಕಳ್ಳ ಅನ್ನದಿದ್ದರೂ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೇನೆ. ಹೀಗಿರುವುದಕ್ಕಿಂತ ಹೇಳಿಬಿಡುವುದು ಮೇಲು.

ನಮ್ಮದು ಕುಂದಾಪುರದ ಕಡೆಯ ಒಂದು ಕಡಲ ಊರು, ಅಳಿಯಕಟ್ಟಿನ ಕುಟುಂಬ. ಅಂದರೆ ಮನೆತನ ಹರಿಯುವುದು ತಾಯಿಯ ಕಡೆಯಿಂದ. ಮಾವನ ನಂತರ ಆ ಜಾಗದಲ್ಲಿ ಕೂರುವವನು ಮಾವನ ಮಗನಲ್ಲ, ತಂಗಿಯ ಮಗ. ದೈವಕ್ಕೆ ಕಾಯಿ ಒಡೆಯುವುದರಿಂದ ಹಿಡಿದು ಕೈಕಸುಬಿನವರೆಗೆ ಎಲ್ಲವೂ ಮಾವನಿಂದ ಅಳಿಯನಿಗೆ. ನನ್ನ ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬಂದು ಹೋಗುವ ನೆಂಟರ ಹಾಗೆ. ನನ್ನನ್ನು ಬೆಳೆಸಿದವರು ಮಾವ. ಅವರದ್ದು ಪಾತಿ ದೋಣಿ ಮಾಡುವ ಕೆಲಸ. ಒಂದೇ ಮಾವಿನ ಮರವನ್ನು ಬಾಚಿಯಿಂದ ಕೆತ್ತಿ ತೊಟ್ಟಿಲಿನಂತೆ ತೋಡಿ, ಅಂಚಿಗೆ ಹಲಗೆ ಏರಿಸಿ, ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ನಾನು ಎಂಟು ಒಂಬತ್ತರ ಹುಡುಗನಾಗಿದ್ದಾಗ ಅವರ ಜೊತೆ ಕೂತು ಹಗ್ಗದ ಕೆಲಸ ನೋಡಿಕೊಳ್ಳುತ್ತಿದ್ದೆ.

ದೋಣಿಗೆ ಕೊನೆಯಲ್ಲಿ ಬೈಗೆ ಮೀನಿನ ಎಣ್ಣೆ ಬಳಿಯಬೇಕು. ಆ ಎಣ್ಣೆಯ ವಾಸನೆ ಒಮ್ಮೆ ಹಿಡಿಯಿತೆಂದರೆ ಸೋಪಿಗೂ ಬಗ್ಗುವುದಿಲ್ಲ. ಪೇಟೆಯ ಹೈಸ್ಕೂಲಿಗೆ ಸೇರಿದ ಮೊದಲ ವಾರವೇ ನನ್ನ ಬೆಂಚಿನ ಹುಡುಗ ಮೂಗು ಮುಚ್ಚಿಕೊಂಡು ಬೇರೆ ಬೆಂಚಿಗೆ ಹೋದ. ಅವತ್ತಿನಿಂದ ನಾನು ದೋಣಿಯ ಹತ್ತಿರ ಸುಳಿಯಲಿಲ್ಲ. ಮಾವ ಕರೆದರೆ ಹೋಂವರ್ಕ್ ಇದೆ ಅನ್ನುತ್ತಿದ್ದೆ. ಅವರು ಒತ್ತಾಯ ಮಾಡಲಿಲ್ಲ. ಓದಲಿ ಎಂದೇ ಅವರಿಗೂ ಇತ್ತು. ಫೈಬರ್ ದೋಣಿ ಬಂದು ಮರದ ದೋಣಿ ಕೇಳುವವರಿಲ್ಲದಾದಾಗ ಅವರು ಬಡಗಿ ಕೆಲಸದ ವೀಸಾ ಹಿಡಿದು ಕತಾರಿಗೆ ಬಂದರು. ಕಾಂಕ್ರೀಟು ಸುರಿಯುವುದಕ್ಕೆ ಹಲಗೆಯ ಅಚ್ಚು ಕಟ್ಟುತ್ತ ನನ್ನನ್ನು ಇಂಜಿನಿಯರಿಂಗ್ ಓದಿಸಿದರು.

ಕೊನೆಗೆ ನಾನೂ ಇಲ್ಲಿಗೇ ಬಂದೆ. ಅವರು ಬಂದದ್ದು ಲೇಬರ್ ಬಸ್ಸಿನ ಕತಾರಿಗೆ, ನಾನು ಬಂದದ್ದು ಕಾರು ಮತ್ತು ಎ.ಸಿ. ಆಫೀಸಿನ ಕತಾರಿಗೆ. ಮ್ಯೂಸಿಯಂ, ಶೋರೂಮುಗಳ ಒಳಾಂಗಣ ಮಾಡಿಕೊಡುವ ಕಂಪನಿಯಲ್ಲಿ ನಾನು ಪ್ರಾಜೆಕ್ಟ್ ಕೋಆರ್ಡಿನೇಟರ್. ಜೊತೆಯವರಲ್ಲಿ ಬೆಂಗಳೂರು, ಮೈಸೂರಿನವರು ಹೆಚ್ಚು. ಮನೆಯವರದ್ದು ಏನು ಎಂದು ಮೊದಲ ವರ್ಷ ಯಾರೋ ಕೇಳಿದಾಗ, ‘ಮರೈನ್ ಬಿಸಿನೆಸ್’ ಅಂದೆ. ಒಂದು ಇಂಗ್ಲಿಷ್ ಮಾತಿನಿಂದ ಪಾತಿ ದೋಣಿಯನ್ನು ಹಡಗು ಮಾಡಿಬಿಟ್ಟಿದ್ದೆ. ಆಮೇಲೆ ತಿದ್ದಲು ಹೋಗಲಿಲ್ಲ.

ಶುಕ್ರವಾರ ಮಾವ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ನಮ್ಮದು ಅಲ್ ವಕ್ರಾದಲ್ಲಿ ಫ್ಲ್ಯಾಟು. ಅವರ ಕೋಣೆ ಕೆಲಸಗಾರರ ವಸತಿಯಾದ ಬರ್ವಾ ಅಲ್ ಬರಾಹಾದಲ್ಲಿ. ನಾನೇ ಕಾರು ತೆಗೆದುಕೊಂಡು ಹೋಗುತ್ತೇನೆ. ಹೋಗುತ್ತೇನೆ ಅಂದರೆ ಹೊರಗೆ ರಸ್ತೆಯ ಬದಿ ನಿಲ್ಲಿಸಿ ಮಿಸ್ಡ್ ಕಾಲ್ ಕೊಡುತ್ತೇನೆ. ಇಸ್ತ್ರಿಯ ಅಂಗಿ ಹಾಕಿಕೊಂಡು ಅವರೇ ನಡೆದು ಬರುತ್ತಾರೆ. ಅಷ್ಟು ವರ್ಷದಲ್ಲಿ ಒಂದು ಸಲವೂ ನಾನು ಒಳಗೆ ಹೋಗಿರಲಿಲ್ಲ. ಪಾರ್ಕಿಂಗ್ ತೊಂದರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನನ್ನ ಹೆಂಡತಿ ಅವರಿಗಾಗಿ ಬಂಗುಡೆ ಸಾರು ಮಾಡುತ್ತಾಳೆ. ಉಂಡ ಮೇಲೆ ಅವರು ನನ್ನ ಒಂಬತ್ತು ವರ್ಷದ ಮಗಳ ಕೈ ಹಿಡಿದು ಕಡಲ ಬದಿಗೆ ಹೋಗುತ್ತಾರೆ. ಇಂಗ್ಲಿಷ್ ಶಾಲೆಯ ಆ ಹುಡುಗಿಗೆ ನಾಲ್ಕು ಮಾತು ಕುಂದಾಪ್ರ ಕನ್ನಡ ಬರುತ್ತದೆ ಎಂದರೆ ಅದು ಈ ಅಜ್ಜನಿಂದ.

ಆ ಮ್ಯೂಸಿಯಮ್ಮಿನ ಕೆಲಸ ನಮ್ಮ ಕಂಪನಿಗೆ ಬಂತು. ಬೇರೆ ಬೇರೆ ಕಡಲುಗಳ ಮೂಲ ಜನರು ತಮ್ಮ ಕೈಯಿಂದ ಮಾಡಿಕೊಂಡ ಸಣ್ಣ ದೋಣಿಗಳ ಮ್ಯೂಸಿಯಂ ಅದು. ದೂರದ ದ್ವೀಪದವರು ಪಕ್ಕಕ್ಕೆ ತೇಲುಮರ ಕಟ್ಟಿದ ದೋಣಿ, ಆಫ್ರಿಕದ ಕರಾವಳಿಯದ್ದು, ಇಲ್ಲಿಯವರೇ ಖರ್ಜೂರದ ಗರಿಯ ದಂಟು ಕಟ್ಟಿ ಮಾಡುತ್ತಿದ್ದದ್ದು. ಇವುಗಳ ನಡುವೆ ಇಲ್ಲಿಯವರು ‘ಹೂರಿ’ ಎನ್ನುವ ಒಂದು ಉದ್ದದ ದೋಣಿ. ಒಂದೇ ಮರದ್ದು, ಅಂಚಿಗೆ ಹೊಲಿದ ಹಲಗೆ. ಅದನ್ನು ಕ್ರೇಟಿನಿಂದ ಬಿಚ್ಚಿದ ದಿನ ನನ್ನ ಕೈ ತಾನಾಗಿ ಮುಂದಕ್ಕೆ ಹೋಯಿತು. ದೋಣಿಯ ಮೂತಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಯಾರೋ ನೋಡಿದರು ಅನ್ನಿಸಿ ಆ ಕೈಯಿಂದ ತಲೆ ಕೆರೆದುಕೊಂಡೆ.

ಮ್ಯೂಸಿಯಮ್ಮಿನ ಕ್ಯುರೇಟರ್ ಇಲ್ಲಿಯವರೇ ಆದ ಒಬ್ಬ ಹೆಂಗಸು. ವಸ್ತುಗಳ ಹೊಣೆಯೆಲ್ಲ ಅವರದ್ದು. ಮೊದಲ ಮೀಟಿಂಗಿನಲ್ಲೇ, ನನ್ನ ಅಜ್ಜ ಮುತ್ತು ತೆಗೆಯಲು ಮುಳುಗುತ್ತಿದ್ದ, ಕಿವಿ ಎರಡೂ ಹೋಗಿದ್ದವು, ಕೂಗಿದರೂ ಕೇಳುತ್ತಿರಲಿಲ್ಲ ಎಂದು ನಗುತ್ತ ಹೇಳಿದ್ದರು. ಆ ಹೂರಿ ಅವರ ಅಜ್ಜನ ಕಾಲದ್ದು. ಹಿಂದೆ ಇಂಥ ದೋಣಿಗಳನ್ನು ನಿಮ್ಮ ಕರಾವಳಿಯಲ್ಲೇ ಕೆತ್ತಿ ದೊಡ್ಡ ಹಾಯಿ ಹಡಗಿಗೆ ಏರಿಸಿ ಇಲ್ಲಿಗೆ ತರುತ್ತಿದ್ದರು ಎಂದು ಅವರೇ ನಮಗೆ ತಿಳಿಸಿದರು. ನಾನು ಹೊಸ ವಿಷಯ ಕೇಳಿದವನ ಹಾಗೆ ಹುಬ್ಬು ಏರಿಸಿದೆ.

ದೋಣಿಯ ಒಂದು ಬದಿಯ ಹೊಲಿಗೆ ಪೂರ್ತಿ ಹೋಗಿತ್ತು. ಎ.ಸಿ. ಗಾಳಿಗೆ ಮರ ಒಣಗಿ ಹಲಗೆ ಬಾಯಿ ಬಿಟ್ಟಿತ್ತು. ಅದನ್ನು ಹಳೆಯ ಕ್ರಮದಲ್ಲೇ ಹೊಲಿಯಬೇಕು, ಬಲ್ಲವರು ಯಾರಾದರೂ ಸಿಗುತ್ತಾರೆಯೇ ಎಂದು ಕ್ಯುರೇಟರ್ ಕೇಳಿದರು. ನಮ್ಮ ಮ್ಯಾನೇಜರ್ ನನ್ನ ಮುಖ ನೋಡಿದರು. ಅವರು ಬೆಂಗಳೂರಿನವರು, ಒಳ್ಳೆಯ ಮನುಷ್ಯ.

“ನೀವು ಕೋಸ್ಟಲ್ ಕಡೆಯವರಲ್ವಾ, ಮರೈನ್ ಫ್ಯಾಮಿಲಿ. ಯಾರಾದ್ರೂ ಗೊತ್ತಾ?” ಎಂದರು.

“ಲೇಬರ್ ಕ್ಯಾಂಪ್‌ಗಳಲ್ಲಿ ವಿಚಾರಿಸ್ತೀನಿ ಸಾರ್,” ಎಂದೆ.

ನನ್ನ ಮಾವ ಇದ್ದಾರೆ ಎಂಬ ಮೂರು ಶಬ್ದಕ್ಕೆ ಎಷ್ಟು ಹೊತ್ತು ಬೇಕಿತ್ತು? ಸಂಬಂಧಿಕರನ್ನು ನುಗ್ಗಿಸಿದ ಎಂದು ಮಾತು ಬರಬಾರದಲ್ಲ ಎಂದು ಆಮೇಲೆ ಸಮಾಧಾನ ಹೇಳಿಕೊಂಡೆ. ಅದು ನೆಪ. ಮೇಜಿನ ಸುತ್ತ ಕೂತವರ ಕಣ್ಣಿನಲ್ಲಿ ನನ್ನ ಹಡಗು ಮತ್ತೆ ಪಾತಿ ದೋಣಿ ಆಗಿಬಿಡುತ್ತದಲ್ಲ ಎಂಬುದೇ ನನ್ನ ಹೆದರಿಕೆಯಾಗಿತ್ತು.

ಶುಕ್ರವಾರ ಊಟಕ್ಕೆ ಕೂತಾಗ ಮಾವನಿಗೆ ವಿಷಯ ಹೇಳಿದೆ. ಅವರ ಕೈಯ ತುತ್ತು ಹಾಗೇ ನಿಂತಿತು.

“ಹೊಲ್ದ ದೋಣಿಯಾ? ಇಲ್ಲಿಯಾ?” ಎಂದರು. “ಮಾಯ್ನ ಮರದ್ದಾ? ಕಾಂಬ ಮಗಾ, ಕರ್ಕಂಡ್ ಹೋಗ್.”

ಆ ವಾರವೆಲ್ಲ ಅವರು ಊರಿಗೆ ಫೋನ್ ಮಾಡಿ ನಾರಿನ ಹಗ್ಗ, ರಾಳ ತರಿಸಿಕೊಂಡರು. ಊರಿನಿಂದ ಬರುವವನೊಬ್ಬನ ಬ್ಯಾಗಿನಲ್ಲಿ ಬೈಗೆ ಎಣ್ಣೆಯೂ ಬಂತು. ಅಪ್ಪಣೆ ಪತ್ರ, ಪಾಸು ಎಲ್ಲ ನಾನು ಮಾಡಿಸಿದೆ. ಪಾಸಿನಲ್ಲಿ ‘ಕಾರ್ಪೆಂಟರ್’ ಎಂದು ಬರೆಸಿದೆ. ಮುಂಚಿನ ದಿನ ಫೋನಿನಲ್ಲಿ, “ಮಾವ, ಅಲ್ಲಿ ಎಲ್ಲಾ ದೊಡ್ಡ ಜನ ಇರ್ತ್ರ್. ನಾವ್ ಸಂಬಂಧಿಕರ್ ಅಂದೇಳಿ ಯಾರಿಗೂ ಹೇಳುದ್ ಬೇಡ,” ಎಂದೆ. “ಆಯ್ತ್,” ಎಂದರು. ಯಾಕೆ ಎಂದು ಕೇಳಲಿಲ್ಲ.

ಮೊದಲ ದಿನ ಅವರು ಹೆಲ್ಮೆಟ್, ಹಳದಿ ಜಾಕೆಟ್, ಸೇಫ್ಟಿ ಶೂ ಹಾಕಿಕೊಂಡು ಬಂದರು. ಹಾಲಿನಲ್ಲಿ ಕ್ಯುರೇಟರ್, ಮ್ಯಾನೇಜರ್, ನಾನು ನಿಂತಿದ್ದೆವು. ಮಾವ ದೋಣಿಯನ್ನು ಕಂಡವರೇ ಅಲ್ಲೇ ನಿಂತು ಶೂ ಎರಡೂ ಬಿಚ್ಚಿದರು. ಕಾಲುಚೀಲವನ್ನೂ ತೆಗೆದು ಶೂ ಒಳಗೆ ತುರುಕಿ ಗೋಡೆಯ ಬದಿಗಿಟ್ಟು, ಬರಿಗಾಲಲ್ಲಿ ಹೋಗಿ ಮೂತಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಚಪ್ಪಲಿ ಕಾಲಲ್ಲಿ ದೋಣಿಗೆ ನಮಸ್ಕರಿಸುವುದು, ದೋಣಿ ಹತ್ತುವುದು ನಮ್ಮಲ್ಲಿ ಇಲ್ಲ. ಚಿಕ್ಕವನಿದ್ದಾಗ ಒಮ್ಮೆ ಚಪ್ಪಲಿ ಹಾಕಿಕೊಂಡೇ ದೋಣಿ ಹತ್ತಿ ಇದೇ ಕೈಯಿಂದ ಕೆನ್ನೆಗೆ ತಿಂದಿದ್ದೆ. ಮಾವ ನನ್ನನ್ನು ಹೊಡೆದದ್ದು ಅದೊಂದೇ ಸಲ.

ಮ್ಯಾನೇಜರ್ ಗಾಬರಿಯಾದರು. ಸೈಟಿನಲ್ಲಿ ಶೂ ಇಲ್ಲದಿದ್ದರೆ ಸೇಫ್ಟಿಯವರು ಕೆಲಸವನ್ನೇ ನಿಲ್ಲಿಸುತ್ತಾರೆ. “ಏನ್ರೀ ಇದು, ಹೇಳಿ ಅವರಿಗೆ,” ಎಂದು ನನ್ನತ್ತ ತಿರುಗಿದರು.

ನಾನು ಹೇಳಿದೆ. ಹಿಂದಿಯಲ್ಲಿ ಹೇಳಿದೆ. “ಏ ಚಾಚಾ! ಜೂತಾ ಪೆಹ್ನೋ! ಏಕ್ ಬಾರ್ ಬೋಲಾ ತೋ ಸಮಝ್ ಮೇ ನಹೀ ಆತಾ ಕ್ಯಾ?”

ಆ ಹಾಲ್ ಖಾಲಿ ಇದ್ದದ್ದರಿಂದ ದನಿ ನಾಲ್ಕೂ ಗೋಡೆಗೆ ಬಡಿಯಿತು. ಮಾವ ತಿರುಗಿ ನೋಡಿದರು. ಸಿಟ್ಟು ಇರಲಿಲ್ಲ. ಚಿಕ್ಕ ಮಕ್ಕಳ ಆಟಕ್ಕೆ ದೊಡ್ಡವರು ಒಪ್ಪಿಕೊಳ್ಳುತ್ತಾರಲ್ಲ, ಹಾಗೆ ತಲೆಯಾಡಿಸಿ, “ಹಾಂ ಸಾರ್. ಸಾರಿ ಸಾರ್,” ಎಂದರು. ಕೂತು ಶೂ ಹಾಕಿಕೊಂಡರು.

“ಅವರು ಯಾಕೆ ಶೂ ಬಿಚ್ಚಿದ್ದು?” ಎಂದು ಕ್ಯುರೇಟರ್ ಇಂಗ್ಲಿಷಿನಲ್ಲಿ ಕೇಳಿದರು.

“ಓದು ಬರಹ ಇಲ್ಲದವರು ಮ್ಯಾಡಂ, ಸೇಫ್ಟಿ ಗೊತ್ತಾಗುವುದಿಲ್ಲ,” ಎಂದೆ.

ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಿಡಿದ ಕೊಡೆಯ ಕಡ್ಡಿ ನನ್ನ ಮಾವನ ಕಣ್ಣಿಗೇ ಚುಚ್ಚಿತ್ತು.

ಮೂರು ದಿನ ಕೆಲಸ ನಡೆಯಿತು. ಸರಿಯಾಗಿ ಹೊಲಿಯಬೇಕಾದರೆ ದೋಣಿಯ ಒಳಗೆ ಕೂತು ಹಗ್ಗ ಎಳೆಯಬೇಕು. ಶೂ ಹಾಕಿಕೊಂಡು ಮಾವ ಒಳಗೆ ಕಾಲಿಡಲಿಲ್ಲ. ಮೂರೂ ದಿನ ಹೊರಗೆ ನಿಂತೇ, ಅಂಚಿನ ಮೇಲೆ ಹೊಟ್ಟೆ ಊರಿ ಬಗ್ಗಿ, ಒಳಗಿನ ತೂತಿಗೆ ಕೈ ಹಾಕಿ ಹೊಲಿದರು. ಮಧ್ಯೆ ಮಧ್ಯೆ ಸೊಂಟ ಹಿಡಿದುಕೊಂಡು ನೆಟ್ಟಗಾಗುತ್ತಿದ್ದರು. ಒಳಗೆ ಕೂತರೆ ಸುಲಭವಲ್ಲವೇ ಎಂದು ಕ್ಯುರೇಟರ್ ಕೇಳಿದ್ದಕ್ಕೆ, ದೋಣಿ ಹಳೆಯದು, ಭಾರ ತಡೆಯಲಿಕ್ಕಿಲ್ಲ ಎಂದು ನಾನೇ ಒಂದು ಕಾರಣ ಹುಟ್ಟಿಸಿ ಹೇಳಿದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಎರಡನೆಯ ದಿನ ಅಕ್ಕಪಕ್ಕ ಯಾರೂ ಇಲ್ಲದಾಗ ಮಾವ ಮೆಲ್ಲಗೆ ಕರೆದರು. “ಇದ್ ನಮ್ ಬದಿ ದೋಣಿಯೇ ಮಗಾ. ಬಾಚಿ ಗುರ್ತ್ ಕಾಣ್. ನಮ್ ಅಜ್ಜಯ್ಯ ಕೆತ್ತದ್ದೋ ಏನೋ, ಯಾರಿಗ್ ಗೊತ್ತಿತ್ತ್?” ಎಂದು ನಕ್ಕರು. ಅವರ ಕೈಗೆ ಬೈಗೆ ಎಣ್ಣೆ ಮೆತ್ತಿತ್ತು. ಹಳೆಯ ವಾಸನೆ. ನಾನು ಒಂದು ಹೆಜ್ಜೆ ಹಿಂದೆ ಸರಿದೆ; ಹೈಸ್ಕೂಲಿನ ಆ ಹುಡುಗ ನನ್ನ ಒಳಗೇ ಬಂದು ಕೂತಿದ್ದ.

ಮೂರನೆಯ ದಿನ ಕ್ಯುರೇಟರ್ ಕ್ಯಾಮೆರಾ ತರಿಸಿದರು. ಮುಗಿಯುತ್ತ ಬಂದ ಹೊಲಿಗೆಯ ಪಕ್ಕ ಮಾವನನ್ನು ಸ್ಟೂಲಿನ ಮೇಲೆ ಕೂರಿಸಿದರು. ಹಿಂದಿ ಬೇಡ, ಅವರದ್ದೇ ಭಾಷೆಯಲ್ಲಿ ಮಾತಾಡಲಿ, ನೀವು ಇಂಗ್ಲಿಷಿಗೆ ಹೇಳಿ ಎಂದು ನನಗೆ ಅಂದರು. ನಾನು ರೇಡಿಯೋ ವಾರ್ತೆಯವನ ಹಾಗೆ, “ನಿಮಗೆ ಈ ವಿದ್ಯೆಯನ್ನು ಕಲಿಸಿದವರು ಯಾರು?” ಎಂದು ಕೇಳಿದೆ. ಮಾವನ ಮೀಸೆಯಡಿ ಸಣ್ಣ ನಗು ಬಂತು. ನನ್ನ ಸೋದರಮಾವ ಎಂದರು. ಮರ ಆರಿಸುವುದು, ತೂತಿಗೆ ನಾರು ತುಂಬುವುದು, ರಾಳ ಕಾಯಿಸುವುದು, ಎಲ್ಲ ಹೇಳಿದರು. ಅವರು ಅಷ್ಟು ಚಂದ ಮಾತಾಡಬಲ್ಲರು ಎಂದು ನನಗೇ ಗೊತ್ತಿರಲಿಲ್ಲ. ನಾನು ಒಂದೊಂದನ್ನೂ ಸರಿಯಾಗಿಯೇ ಇಂಗ್ಲಿಷಿಗೆ ತಂದೆ.

ಕೊನೆಗೆ ಕ್ಯುರೇಟರ್, ಇವರು ಇದನ್ನು ಯಾರಿಗೆ ಕಲಿಸಿದ್ದಾರೆ ಕೇಳಿ ಎಂದರು. ಕೇಳಿದೆ.

ಮಾವ ನನ್ನನ್ನು ನೋಡಲಿಲ್ಲ, ದೋಣಿಯನ್ನು ನೋಡಿದರು. “ನನ್ ತಂಗಿ ಮಗ ಒಬ್ಬ ಇದ್ದ. ಸಣ್ಣಕ್ಕಿಪ್ಪತಿಗೇ ನನ್ನೊಟ್ಟಿಗೆ ಕೂಕಂಡ್ ಹಗ್ಗ ಕೊಡ್ತಿದ್ದ. ಅವನ್ ಕೈ ಲಾಯ್ಕ್ ಇತ್ತ್. ಅವಂಗೆ ಎಲ್ಲಾ ಗೊತ್ತಿತ್ತ್. ಈಗ ದೊಡ್ಡ್ ಕೆಲ್ಸದಗಿದ್ದ, ನಂಗೆ ಅದೇ ಖುಷಿ. ನನ್ ನಂತ್ರ ಅವ ಇದ್ದ,” ಎಂದರು. ನಮ್ಮ ಕಡೆ ‘ಇದ್ದ’ ಅಂದರೆ ಇದ್ದಾನೆ, ‘ಇತ್ತ್’ ಅಂದರೆ ಇದೆ. ಹೆಸರು ಹೇಳಲಿಲ್ಲ. ಇಲ್ಲೇ ನಿಂತಿದ್ದಾನೆ ಎಂದೂ ಹೇಳಲಿಲ್ಲ. ಫೋನಿನಲ್ಲಿ ನನಗೆ ಕೊಟ್ಟ ಮಾತನ್ನು ಅವರು ಉಳಿಸಿಕೊಂಡಿದ್ದರು.

“ಏನೆಂದರು?” ಎಂದು ಕ್ಯುರೇಟರ್ ಕೇಳಿದರು. ಮ್ಯಾನೇಜರ್ ನನ್ನ ಪಕ್ಕದಲ್ಲೇ ಇದ್ದರು. ಅವರ ಕಿವಿಗೆ ಕುಂದಾಪ್ರ ಕನ್ನಡ ಅರ್ಧ ಹತ್ತುತ್ತದೆ, ಅರ್ಧ ಹತ್ತುವುದಿಲ್ಲ. ಆ ಹೊತ್ತಿಗೆ ಅದೃಷ್ಟಕ್ಕೆ ಅವರು ಫೋನ್ ನೋಡುತ್ತಿದ್ದರು. ತಂಗಿಯ ಮಗ ಎಂದರೆ ಅವನೆಲ್ಲಿದ್ದಾನೆ, ಏನು ಮಾಡುತ್ತಾನೆ ಎಂದು ಈ ಹೆಂಗಸು ಕೇಳದೆ ಬಿಡುವುದಿಲ್ಲ. ನಾನು ಯೋಚಿಸಿದ್ದು ಒಂದು ಉಸಿರಿನಷ್ಟು ಹೊತ್ತು.

“ಯಾರಿಗೂ ಕಲಿಸಲಿಲ್ಲವಂತೆ ಮ್ಯಾಡಂ. ನನ್ನ ನಂತರ ಈ ಕೆಲಸ ಬಲ್ಲವರು ಯಾರೂ ಇಲ್ಲ ಅನ್ನುತ್ತಾರೆ.”

ಅವರ ಮುಖ ಸಣ್ಣದಾಯಿತು. ಎದೆಯ ಮೇಲೆ ಕೈಯಿಟ್ಟು ಮಾವನಿಗೆ ತಲೆಬಾಗಿದರು. ಮಾವನಿಗೆ ಇಂಗ್ಲಿಷ್ ಬಾರದು. ತನ್ನ ಅಳಿಯನ ವಿಷಯ ಕೇಳಿ ಈಕೆಗೆ ಸಂತೋಷವಾಗಿದೆ ಎಂದುಕೊಂಡು ಅವರೂ ಎದೆಯ ಮೇಲೆ ಕೈಯಿಟ್ಟು ಖುಷಿಯಿಂದ ತಲೆಬಾಗಿದರು. ಆ ಎರಡು ಮುಖಗಳ ನಡುವೆ ನಾನು ನಿಂತಿದ್ದೆ.

ಆ ಸಾಲು ಎಲ್ಲರಿಗೂ ಬಹಳ ಹಿಡಿಸಿತು. ವಿಡಿಯೋದ ಕೊನೆಯ ಅಡಿಬರಹ ಅದೇ ಆಯಿತು. ಆಮೇಲೆ ಗೋಡೆಗೂ ಏರಿತು. ಗೋಡೆಯ ಅಕ್ಷರಗಳನ್ನು ನಮ್ಮ ಕಂಪನಿಯೇ ಕತ್ತರಿಸಿ ಅಂಟಿಸಿದ್ದು. ಪ್ರೂಫ್ ನೋಡಿ ಸಹಿ ಹಾಕಿದವನು ನಾನು. ಅರಬಿಯವರು, ಇಂಗ್ಲಿಷಿನವರು, ಮ್ಯಾನೇಜರು, ಇಷ್ಟು ಜನ ಮಾತ್ರ ನನ್ನ ಕಣ್ಣಿನಲ್ಲಿದ್ದರು. ಕನ್ನಡ ಬಲ್ಲವರು ಆ ಹಾಲಿಗೆ ಬಂದು ಕಿವಿ ಕೊಟ್ಟರೆ ಏನಾಗುತ್ತದೆ ಎಂದು ಹೊಳೆಯಲೇ ಇಲ್ಲ. ನಮ್ಮ ಮಾತನ್ನು ಲೆಕ್ಕಕ್ಕೇ ಇಡದ ಅಭ್ಯಾಸ ಅಷ್ಟು ಆಗಿಹೋಗಿತ್ತು.

ಉದ್ಘಾಟನೆಗೆ ಮಾವನನ್ನು ಕರೆಯಲಿಲ್ಲ. ಕೆಲಸದವರಿಗೆ ಪಾಸು ಇಲ್ಲ ಎಂದೆ. ಅವರು, ಆಯ್ತ್ ಬಿಡ್ ಎಂದರು. ಶುಕ್ರವಾರಗಳು ಎಂದಿನಂತೆ ನಡೆದವು. ನಡುವೆ ಒಂದು ಶುಕ್ರವಾರ ಮಾತ್ರ, ರೂಮಿನವರ ಜೊತೆ ಎಲ್ಲಿಗೋ ಹೋಗುವುದಿದೆ ಎಂದು ಅವರು ಊಟಕ್ಕೆ ಬರಲಿಲ್ಲ. ನಾನು ಎಲ್ಲಿಗೆ ಎಂದು ಕೇಳಲಿಲ್ಲ.

ನಾಲ್ಕು ತಿಂಗಳ ಮೇಲೆ ಮಗಳ ಶಾಲೆಯಿಂದ ಮಕ್ಕಳನ್ನು ಆ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ಸಂಜೆ ನಾನು ಬಾಗಿಲು ತೆಗೆಯುವುದಕ್ಕೂ ಪುರಸೊತ್ತಿಲ್ಲ.

“ಅಪ್ಪಾ, ಅಜ್ಜ ಮ್ಯೂಸಿಯಂ ವಿಡಿಯೋದಲ್ಲಿ ಇದ್ರು! ಯಾಕೆ ನೀವು ಹೇಳ್ಲೇ ಇಲ್ಲ? ನಾನು ಎಲ್ಲರಿಗೂ ಹೇಳ್ದೆ, ಹೀ ಈಸ್ ಮೈ ಅಜ್ಜ ಅಂತ. ಫಸ್ಟ್ ಯಾರೂ ಬಿಲೀವ್ ಮಾಡ್ಲಿಲ್ಲ. ಆಮೇಲೆ ನಾನು ಅಜ್ಜನ ಥರ ಮಾತಾಡಿ ತೋರಿಸ್ದೆ.”

ನನ್ನ ಹೆಂಡತಿ ಅಡಿಗೆಮನೆಯಿಂದ ಹೊರಗೆ ಬಂದಳು. ಮಾವನನ್ನು ಕೆಲಸಕ್ಕೆ ಕರೆದದ್ದು ಅವಳಿಗೆ ಗೊತ್ತಿತ್ತು, ವಿಡಿಯೋ ಗೊತ್ತಿರಲಿಲ್ಲ. ಮಗಳು ಮುಂದುವರಿಸಿದಳು.

“ಬಟ್ ಅಪ್ಪಾ, ಅಜ್ಜ ಹೇಳಿದ್ದು ತಂಗಿ ಮಗ ಇದ್ದ ಅಂತ. ಅಂದ್ರೆ ನೀವೇ ಅಲ್ವಾ? ಕೆಳಗೆ ಯಾರೂ ಇಲ್ಲ ಅಂತ ಬರೆದಿದ್ದಾರೆ. ಮಿಸ್ ಕೇಳಿದ್ರು, ಅಜ್ಜನ ಫ್ಯಾಮಿಲಿ ನೀವಾದ್ರೆ ಯಾರೂ ಇಲ್ಲ ಅಂತ ಯಾಕೆ ಹಾಕಿದ್ದಾರೆ ಅಂತ. ಯಾರು ರಾಂಗ್ ಆಗಿ ಬರೆದದ್ದು?”

ನಾನು ಬರೆದದ್ದು ಎಂದೆ. ಯಾಕೆ ಎಂದಳು. ಅದೇ ದಿನ ಅವಳು ಇಡೀ ತರಗತಿಯ ಎದುರು ನನ್ನ ಅಜ್ಜ ಎಂದು ಕೂಗಿ ಹೇಳಿ ಬಂದವಳು. ಹೆಂಡತಿ ಒಳಗೆ ಹೋಗಿ ಒಲೆ ಆರಿಸಿದಳು. ಅವತ್ತು ನಾಚಿಕೆ ಎಂದರೇನೆಂದು ನನಗೆ ಸರಿಯಾಗಿ ಗೊತ್ತಾಯಿತು. ಅಲ್ಲಿಯವರೆಗೆ ನಾಚಿಕೆಯೆಂದು ನಾನು ತಿಳಿದುಕೊಂಡದ್ದು ಬರಿಯ ಜಂಬ.

ಮರುದಿನ ಕ್ಯುರೇಟರ್ ಹತ್ತಿರ ಹೋದೆ. ಗೋಡೆಯ ಮಾತು ಮಾವ ಹೇಳಿದ್ದಲ್ಲ, ನಾನು ಕಟ್ಟಿದ್ದು, ಅವರು ಹೇಳಿದ್ದು ತನ್ನ ನಂತರ ಎಲ್ಲ ಬಲ್ಲ ತಂಗಿಯ ಮಗ ಇದ್ದಾನೆ ಎಂದು, ಆ ತಂಗಿಯ ಮಗ ನಾನೇ ಎಂದೆ. ಶೂ ಯಾಕೆ ಬಿಚ್ಚಿದ್ದು, ಒಳಗೆ ಯಾಕೆ ಕೂರಲಿಲ್ಲ, ಅದನ್ನೂ ಹೇಳಿದೆ. ಅವರು ಬೈಯಲಿಲ್ಲ. “ಮೂರು ದಿನ ಅವರ ಸೊಂಟ ನೋಯುತ್ತಿತ್ತು, ನಾನು ನೋಡಿದ್ದೆ,” ಎಂದಷ್ಟೇ ಹೇಳಿದರು. ಆಮೇಲೆ ಎದ್ದು ಹಾಲಿಗೆ ಕರೆದುಕೊಂಡು ಹೋದರು. ವಿಡಿಯೋ, ಗೋಡೆ ಎರಡನ್ನೂ ತಿದ್ದಿಸುತ್ತೇನೆ, ನಿಮ್ಮ ಮಾವ ಊರಿಗೆ ಹೋದ ಮೇಲೆ ಈ ಹೊಲಿಗೆಯನ್ನು ನೋಡಿಕೊಳ್ಳಲು ನೀವಿದ್ದೀರಿ ಎಂದಾಯಿತು, ಹೇಗೆ ಹಾಕುವುದು ಸ್ವಲ್ಪ ತೋರಿಸಿ ಎಂದು, ಉಳಿದಿದ್ದ ಹಗ್ಗದ ತುಂಡು ಮತ್ತು ತೂತು ಕೊರೆದ ಎರಡು ಹಲಗೆ ನನ್ನ ಮುಂದಿಟ್ಟರು. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಅವರು ನಿಜವಾಗಿಯೂ ನಂಬಿದ್ದರು.

ಮೊದಲ ಸುತ್ತು ಕೈಗೆ ಬಂತು. ಎರಡನೆಯದು ಬರಲಿಲ್ಲ. ಹಗ್ಗ ಬಿಗಿಯಾಗದೆ ತೂತಿನಲ್ಲಿ ಸಿಕ್ಕಿಕೊಂಡು ಎಳೆ ಎಳೆಯಾಗಿ ಬಿಚ್ಚಿತು. ಮೂರು ಸಲ ಪ್ರಯತ್ನಿಸಿದೆ. ಅಂಗೈ ಕೆಂಪಾಯಿತು. “ಖಲಾಸ್, ಪರವಾಗಿಲ್ಲ,” ಎಂದು ಅವರೇ ಹಗ್ಗವನ್ನು ಮೆಲ್ಲನೆ ನನ್ನ ಕೈಯಿಂದ ತೆಗೆದುಕೊಂಡರು.

ಆ ಶುಕ್ರವಾರ ನಾನು ಕಾರು ನಿಲ್ಲಿಸಿ ಒಳಗೆ ಹೋದೆ. ಜಾಗ ಧಾರಾಳ ಇತ್ತು. ಮಾವನ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಒಳಗೆ ನಾಲ್ಕು ಮಂಚ. ಒಂದರ ಮೇಲೆ ಕೂತಿದ್ದ ಭಟ್ಕಳದ ಕಡೆಯ ಒಬ್ಬರು ನನ್ನನ್ನು ಕಂಡದ್ದೇ ಎದ್ದು ನಿಂತು, “ಅಳಿಯ ಅಲ್ವಾ? ಬನ್ನಿ ಬನ್ನಿ, ನಿಮ್ಮ ಸುದ್ದಿ ದಿನಾ ಕೇಳ್ತೇವೆ,” ಎಂದರು. ಮಾವನ ತಲೆದಿಂಬಿನ ಮೇಲಿನ ಗೋಡೆಯಲ್ಲಿ ನನ್ನ ಕಾಲೇಜಿನ ಫೋಟೊ ಅಂಟಿಸಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಫೋಟೊ: ಮ್ಯೂಸಿಯಮ್ಮಿನ ಆ ಗೋಡೆ, ಆ ಸಾಲು, ಅದರ ಕೆಳಗೆ ಇಸ್ತ್ರಿ ಅಂಗಿಯಲ್ಲಿ ನಿಂತ ಮಾವ.

ಭಟ್ಕಳದವರು ನನ್ನ ಕಣ್ಣು ಹೋದಲ್ಲಿ ನೋಡಿ, ಸುಮ್ಮನೆ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತದೆ ಎಂದು ಆಮೇಲೆ ತಿಳಿಯಿತು. ಊಟಕ್ಕೆ ಬಾರದ ಆ ಶುಕ್ರವಾರ ಮಾವ ಅವರ ಜೊತೆಗೇ ಬಸ್ಸು ಹಿಡಿದು ಹೋಗಿ, ಗೋಡೆಯ ಮೇಲೆ ಏನ್ ಬರ್ದಿರ್ ಓದ್ ಕಾಂಬ ಎಂದಿದ್ದರು. ಅವರು ಓದಿ ಹೇಳಿದ್ದರು. ಅದಾದ ಮೇಲೂ ಮಾವ ವಾರ ವಾರ ಬಂದು ನನ್ನ ಮನೆಯಲ್ಲಿ ಕೂತು ಬಂಗುಡೆ ಸಾರು ಲಾಯ್ಕ್ ಆಯ್ತ್ ಎಂದು ಉಂಡು ಹೋಗಿದ್ದರು.

“ಮಾವ, ನಾ ತಪ್ಪ್ ಮಾಡ್ದೆ,” ಎಂದೆ.

“ಗೊತ್ತಿತ್ತ್. ಕೂಕೋ,” ಎಂದರು. ಮಂಚದ ಮೇಲೆ ಜಾಗ ಮಾಡಿದರು.

ಎಲ್ಲ ಹೇಳಿದೆ. ಮಗಳು ಕೇಳಿದ್ದು, ಕ್ಯುರೇಟರ್ ಹತ್ತಿರ ಒಪ್ಪಿಕೊಂಡದ್ದು, ಎಲ್ಲವನ್ನೂ ಅಳಿಸಿ ಸರಿ ಮಾಡಿಸುತ್ತೇನೆ ಎಂದದ್ದು. ಮಗಳು ತರಗತಿಯಲ್ಲಿ ಹೇಳಿದ ಮಾತಿಗೆ ಮಾತ್ರ ಅವರು ಮುಖ ಅರಳಿಸಿದರು. ಅದನ್ನು ಎರಡು ಸಲ ಹೇಳಿಸಿಕೊಂಡರು. ಕೊನೆಗೆ ನಾನು ಹಲಗೆ ಹೊಲಿಯಲು ಹೋಗಿ ಸೋತದ್ದನ್ನೂ ಹೇಳಿ ಅಂಗೈ ತೋರಿಸಿದೆ. ಅವರು ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟು ನೋಡಿದರು.

“ಹಗ್ಗ ನೆನ್ಸಿದ್ಯಾ?” ಎಂದರು.

ನೆನೆಸಿರಲಿಲ್ಲ. ನಾರಿನ ಹಗ್ಗವನ್ನು ನೀರಿನಲ್ಲಿ ನೆನೆಸದೆ ಹೊಲಿದರೆ ಬಗ್ಗುವುದಿಲ್ಲ, ಬಿಗಿಯೂ ಬರುವುದಿಲ್ಲ. ಚಿಕ್ಕಂದಿನಲ್ಲಿ ನನ್ನ ಕೆಲಸ ಅದೊಂದೇ ಆಗಿತ್ತು. ಬಕೆಟಿನಲ್ಲಿ ಹಗ್ಗ ಮುಳುಗಿಸಿಟ್ಟುಕೊಂಡು, ಮಾವ ಕೈ ಚಾಚಿದಾಗ ಒದ್ದೆ ತುದಿಯನ್ನು ಕೊಡುವುದು. ಅದನ್ನೂ ಮರೆತಿದ್ದೆ.

ಮಾವ ನನ್ನ ಕೈಯನ್ನು ಮೆಲ್ಲನೆ ನನ್ನ ತೊಡೆಯ ಮೇಲೆ ವಾಪಸು ಇಟ್ಟರು. ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ, ಅದೇ ನನಗೆ ತಡೆಯಲಾಗದ್ದು.

“ಹಂಗಾರೆ ಗೋಡೆ ಮೇಲಿದ್ದದ್ದ್ ಅಳ್ಸುಕ್ ಹೇಳ್ಬೇಡ ಮಗಾ. ನೀ ಬರ್ದದ್ದೇ ಸಮ ಇತ್ತ್. ಸುಳ್ಳ್ ಹೇಳದ್ದ್ ನಾನೇ,” ಎಂದರು. ಆಮೇಲೆ ಎದ್ದು ಇಸ್ತ್ರಿಯ ಅಂಗಿ ಹಾಕಿಕೊಂಡು, “ನಡಿ, ಸಣ್ಣ್ ಹೆಣ್ಣ್ ಕಾಯ್ತಾ ಇರತ್ತ್,” ಎಂದು ಬಾಗಿಲು ತೆಗೆದರು.

ಭಾನುವಾರ ಕ್ಯುರೇಟರ್‌ಗೆ ಫೋನ್ ಮಾಡಿದೆ. ವಿಡಿಯೋದ ಅಡಿಬರಹದಲ್ಲಿ ಮಾವ ಹೇಳಿದ್ದನ್ನೇ ಹಾಕಿ, ಅವರ ಹೆಸರನ್ನೂ ಹಾಕಿ, ಗೋಡೆಯ ಸಾಲು ಮಾತ್ರ ಹಾಗೇ ಇರಲಿ ಎಂದೆ. ಯಾಕೆ ಎಂದು ಕೇಳಿದರು. ಅದು ನಿಜ ಎಂದೆ.